ಉಳಿದ ಚೂರುಗಳ ನೆಲ

ಫೆಬ್ರವರಿ 5, ಭಾನುವಾರ

ಬ್ಯಾಂಕಿನಿಂದ ಎರಡನೇ ನೋಟೀಸು ಬಂದಿದೆ. ಮೊದಲನೆಯದನ್ನು ಬಾಗಿಲಲ್ಲೇ ನಿಂತು ಎರಡೆರಡು ಸಲ ಓದಿದ್ದೆ. ಈ ಸಲ ಒಲೆಯ ಮೇಲಿದ್ದ ಹಾಲು ಇಳಿಸಿ, ಕೈ ಒರೆಸಿಕೊಂಡು, ಆಮೇಲೆ ಓದಿದೆ. ಮನೆಸಾಲದ ಕಂತು ನಿಂತು ಬಹಳ ದಿನವಾಯಿತು, ಇನ್ನೂ ಕಟ್ಟದಿದ್ದರೆ ಮನೆಯನ್ನು ಹರಾಜಿಗೆ ಇಡುತ್ತಾರಂತೆ. ಇವರಿಗೆ ಓದಿ ಹೇಳಿದೆ. ಇವರು ಗೋಡೆಯ ಕಡೆ ತಿರುಗಿ ಮಲಗಿದರು.

ಇವರದು ಟೈಲ್ಸ್ ಹಾಕುವ ಮೇಸ್ತ್ರಿ ಕೆಲಸ. ಜೀವಮಾನವೆಲ್ಲ ಕಲ್ಲು ಕತ್ತರಿಸುವ ಮೆಷಿನ್ನಿನ ಧೂಳು ಕುಡಿದು ಎದೆ ಹಾಳಾಯಿತು. ಹೋದ ವರ್ಷದಿಂದ ಕೆಲಸವಿಲ್ಲ. ನಾನು ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆ ಮಡಚುತ್ತೇನೆ. ಆ ಸಂಬಳ ಔಷಧಿಗೂ ಹೊಟ್ಟೆಗೂ ಸರಿಹೋಗುತ್ತದೆ, ಅಷ್ಟೇ.

ಮಧ್ಯಾಹ್ನ ಮಗಳು ಬಂದಿದ್ದಳು. ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುವವಳು, ನಾಲ್ಕು ಜನರ ಮಾತು ಕಿವಿಗೆ ಬೀಳುತ್ತದೆ. ಸರ್ಕಾರದ್ದೊಂದು ಯೋಜನೆ ಇದೆಯಂತೆ. ಕಾಯಿಲೆಯಿಂದಲೋ ಕೆಲಸ ಹೋಗಿಯೋ ಮನೆಸಾಲ ಕಟ್ಟಲಾಗದ ನಮ್ಮಂಥವರ ಬಾಕಿಯನ್ನು ಸರ್ಕಾರವೇ ಬ್ಯಾಂಕಿಗೆ ಕಟ್ಟುತ್ತದಂತೆ.

"ಈ ವಯಸ್ಸಲ್ಲಿ ಕೈ ಒಡ್ಡೋದಾ?" ಅಂದರು ಇವರು, ಗೋಡೆಗೇ.

"ಭಿಕ್ಷೆ ಅಲ್ಲಪ್ಪಾ ಅದು. ನೀನು ಇಷ್ಟು ವರ್ಷ ತೆರಿಗೆ ಕಟ್ಟಿಲ್ವಾ? ಬೀಡಿ ಸೇದಿದ್ರಲ್ಲೇ ಅರ್ಧ ಸರ್ಕಾರ ಸಾಕಿದೀಯ."

ಇವರು ನಕ್ಕರು. ನಗು ಕೆಮ್ಮಾಯಿತು. ಮಗಳು ನೀರು ತರಲು ಎದ್ದವಳು ಹಜಾರದ ಚಾಪೆಗೆ ಎಡವಿದಳು. "ಅಮ್ಮಾ, ಈ ಚಾಪೆ ತೆಗಿ, ಯಾರಾದ್ರೂ ಬಿದ್ದು ಮೂಳೆ ಮುರ್ಕೋತಾರೆ" ಅಂದಳು. ನಾನು ತೆಗೆಯಲಿಲ್ಲ. ಚಾಪೆ ತೆಗೆದರೆ ನೆಲ ಕಾಣುತ್ತದೆ. ಬೇರೆಯವರ ಮನೆಗೆ ಟೈಲ್ಸ್ ಹಾಕಿ ಉಳಿದ ಚೂರು ಮೇಸ್ತ್ರಿಗೇ ಅಂತ ಈ ಕೆಲಸದಲ್ಲಿ ರೂಢಿ. ಇವರು ಅವನ್ನೆಲ್ಲ ಚೀಲದಲ್ಲಿ ಹೊತ್ತು ತಂದು ನಮ್ಮ ನೆಲ ಮಾಡಿದ್ದಾರೆ. ಒಂದರಂತೆ ಒಂದಿಲ್ಲ. ತೇಪೆ ಹಾಕಿದ ಲಂಗದ ಹಾಗಿದೆ. ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ನನಗೆ ಮುಖ ಎತ್ತಲಾಗುವುದಿಲ್ಲ.

ದೇವರೇ, ಮನೆ ಒಂದು ಉಳಿಸಿಕೊಡು. ಬೇರೇನೂ ಕೇಳುವುದಿಲ್ಲ.

ಫೆಬ್ರವರಿ 21, ಮಂಗಳವಾರ

ಅರ್ಧ ದಿನ ರಜೆ ಹಾಕಿ ಯೋಜನೆಯ ಕಚೇರಿಗೆ ಹೋದೆ. ಉದ್ದನೆಯ ಬೆಂಚು, ಅಲ್ಲಾಡುವ ಫ್ಯಾನು. ಎಲ್ಲರೂ ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು, ಡಾಕ್ಟರ ಹತ್ತಿರ ಹೇಳಲಾಗದ ಕಾಯಿಲೆ ತಂದವರ ಹಾಗೆ. ಕಿಟಕಿಯಲ್ಲಿ ಕನ್ನಡಕದ ಮೇಡಂ. ಮುಖ ಗಂಟು, ಮಾತು ಮೆತ್ತಗೆ. ಅರ್ಜಿಯನ್ನು ಅವರೇ ತುಂಬಿದರು.

"ನೋಡೀಮ್ಮಾ, ಮೂರು ವಿಷಯ. ಆ ಮನೇಲಿ ನೀವೇ ಇರಬೇಕು. ಆದಾಯ ಬಿದ್ದಿರಬೇಕು. ಮನೆ ಬೆಲೆ ಸರ್ಕಾರ ಹಾಕಿರೋ ಮಿತಿ ದಾಟಬಾರದು. ಬೆಲೆ ಕಟ್ಟೋಕೆ ನಮ್ಮವರು ಬರ್ತಾರೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಮನೆ ಹೊಗಳ್ಕೊಂಡು ಕೂರಬೇಡಿ, ಎಷ್ಟೋ ಜನ ಅದ್ರಲ್ಲೇ ಕೆಡಿಸ್ಕೊಂಡಿದಾರೆ."

"ಹೊಗಳೋಕೆ ಅದ್ರಲ್ಲಿ ಏನಿದೆ ಮೇಡಂ?" ಅಂದೆ. ನನ್ನ ಹಿಂದೆ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬೆಂಚಿನ ಮೇಲಿದ್ದವರು ಆಮೇಲೆ ಸ್ವಲ್ಪ ಮಾತಾಡಲು ಶುರು ಮಾಡಿದರು.

ಸಂಜೆ ಲಾಂಡ್ರಿಯಲ್ಲಿ ಗಡಿಯಾರದಮ್ಮನಿಗೆ ಹೇಳಿದೆ. ಅವಳು ನನ್ನ ಎದುರು ನಿಂತು ಹಾಸಿಗೆ ಬಟ್ಟೆಯ ಇನ್ನೊಂದು ಅಂಚು ಹಿಡಿಯುವವಳು. ಕಣ್ಣು ಮಾತ್ರ ಸದಾ ಗೋಡೆಯ ಗಡಿಯಾರದ ಮೇಲೆ, ಅದಕ್ಕೇ ಆ ಹೆಸರು. "ಸರ್ಕಾರ ಕೊಡುತ್ತೆ ಅಂದ್ರೆ ತಗೋ ಕಣೇ. ಕೇಳಿದ್ರೆ ಕಿರೀಟ ಬೀಳುತ್ತಾ? ಎಳಿ, ಸರಿಯಾಗಿ ಎಳಿ, ಐದು ಗಂಟೆ ಆಯ್ತು" ಅಂದಳು.

ಮಾರ್ಚ್ 3, ಶುಕ್ರವಾರ

ಇವರಿಗೆ ಬೆಳಗ್ಗೆಯಿಂದ ಕೆಮ್ಮು. ಊಟವೂ ಅರ್ಧ. ಗಂಡಸು ಕೆಲಸ ಬಿಟ್ಟರೆ ಮನೆಯೊಳಗೆ ಇಟ್ಟ ಸಾಮಾನಿನ ಹಾಗೆ ಆಗಿಬಿಡುತ್ತಾನೆ. ಇವರ ಕರಣೆ, ರಸಮಟ್ಟ, ರಬ್ಬರಿನ ಸುತ್ತಿಗೆ ಎಲ್ಲ ಮಂಚದ ಕೆಳಗಿವೆ. ಗುಡಿಸುವಾಗ ಪೊರಕೆ ತಾಗಿತು. "ಮೆಲ್ಲಗೆ" ಅಂದರು. ಇವತ್ತಿನ ಮಾತು ಅದೊಂದೇ.

ಮಾರ್ಚ್ 9, ಗುರುವಾರ

ಬೆಲೆ ಕಟ್ಟುವವಳು ಬಂದಿದ್ದಳು. ಚಿಕ್ಕ ಹುಡುಗಿ, ನಮ್ಮ ಮಗಳಿಗಿಂತಲೂ ಚಿಕ್ಕವಳು. ಕೈಯಲ್ಲಿ ಕೆಂಪು ಬೆಳಕು ಬಿಡುವ ಅಳತೆಯ ಯಂತ್ರ. ಗೋಡೆ, ಛಾವಣಿ, ಕಿಟಕಿ ಎಲ್ಲ ನೋಡಿದಳು. ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ. ಒಳಗೊಳಗೇ ದೇವರ ಹೆಸರು ಹೇಳುತ್ತಿದ್ದೆ. ಛಾವಣಿ ಎಲ್ಲಿ ಸೋರುತ್ತದೆ ಅಂದಳು, ತೋರಿಸಿದೆ. ಆಮೇಲೆ ಚಾಪೆಯ ಒಂದು ಮೂಲೆ ಎತ್ತಿ ನೋಡಿ, "ನೆಲ ಸಾಧಾರಣ ಅಂತ ಬರ್ಕೊಳ್ಳಲಾ ಅಮ್ಮಾ?" ಅಂದಳು. ನಾನು ಹೂಂ ಅನ್ನಬೇಕು, ಅಷ್ಟರಲ್ಲಿ ಕೋಣೆಯಿಂದ ದನಿ ಬಂತು.

"ಯಾರಮ್ಮ ಅದು, ಸಾಧಾರಣ ಅಂದಿದ್ದು?"

ಇವರು ಗೋಡೆ ಹಿಡಿದುಕೊಂಡು ಹಜಾರಕ್ಕೆ ಬಂದರು. ಬಂದವರೇ ಚಾಪೆಯನ್ನು ಕಾಲಿನಿಂದ ಸರಿಸಿ ಸುರುಳಿ ಮಾಡಿದರು. ನಾನು ಚಹಾ ಇಡುವ ನೆಪದಲ್ಲಿ ಅಡುಗೆಮನೆಗೆ ಹೋದೆ.

"ಬಾಗಿಲ ಹತ್ತಿರ ನಕ್ಷತ್ರದ ಹಾಗೆ ಜೋಡಿಸಿದೀನಿ ನೋಡು. ಈ ಕರೀ ಕಲ್ಲು ಯಾವುದು ಗೊತ್ತಾ? ಬ್ಯಾಂಕಿನ ಮೆಟ್ಟಿಲಿಂದು. ನಮಗೆ ಸಾಲ ಕೊಟ್ಟು ಈಗ ನೋಟೀಸು ಕಳಿಸ್ತಿದೆಯಲ್ಲ, ಅದೇ ಬ್ಯಾಂಕು! ಅವರ ಮೆಟ್ಟಿಲು ಹಾಕಿದ್ದೂ ನಾನೇ. ಹರಾಜು ಹಾಕೋಕೆ ಬಂದ್ರೆ ಅವರ ಕಲ್ಲನ್ನ ಅವರೇ ತುಳ್ಕೊಂಡು ಬರಬೇಕು."

ಹುಡುಗಿ ಜೋರಾಗಿ ನಕ್ಕಳು.

"ಈ ಬಿಳಿಯದು, ಒಳಗೆ ಮೋಡ ಹೋದ ಹಾಗಿದೆಯಲ್ಲ, ಇದು ಒಬ್ಬ ದೊಡ್ಡ ಡಾಕ್ಟರ ಬಂಗಲೆದು. ಹಡಗಲ್ಲಿ ಬಂದ ಕಲ್ಲು. ಈಗ ಬೇಕು ಅಂದ್ರೂ ಸಿಗಲ್ಲ. ನೀಲಿಯದು ಈಜುಕೊಳದ್ದು. ಅಡುಗೆಮನೆ ಬಾಗಿಲಲ್ಲಿ ಹಸಿರು ಇದೆಯಲ್ಲ, ಅದು ಮೀನಂಗಡೀದು, ಆದ್ರೆ ವಾಸನೆ ಇಲ್ಲ, ನೋಡು ಬೇಕಾದ್ರೆ!"

ಅವಳು ಹೆಜ್ಜೆ ಇಡಲು ಹಿಂದೆ ಮುಂದೆ ನೋಡುತ್ತಿದ್ದಳು. ನಕ್ಷತ್ರವನ್ನು ತುಳಿಯದೆ ಗೋಡೆಯ ಪಕ್ಕ ಹೋಗುತ್ತಿದ್ದಳು. "ನಡಿಯಮ್ಮಾ, ನಡೆಯೋಕೆ ತಾನೇ ಹಾಕಿದ್ದು" ಅಂದರು ಇವರು. ಆಮೇಲೆ ಮೊಣಕಾಲೂರಿ ಕೂತು, ಬೆರಳ ಗೆಣ್ಣಿನಿಂದ ಒಂದೊಂದನ್ನೇ ಬಡಿದು ತೋರಿಸಿದರು. ಕೆಳಗೆ ಸಿಮೆಂಟು ಸರಿಯಾಗಿ ಕೂತಿದ್ದರೆ ಗಟ್ಟಿ ಸದ್ದು, ಬಿಟ್ಟಿದ್ದರೆ ಟೊಳ್ಳು ಸದ್ದು. "ಕೇಳು, ಇಷ್ಟು ವರ್ಷಕ್ಕೆ ಒಂದಾದ್ರೂ ಟೊಳ್ಳಾಗಿದೆಯಾ?" ಹುಡುಗಿಯೂ ಪುಸ್ತಕ ಕೆಳಗಿಟ್ಟು ಕೂತು ಬಡಿದಳು. ಇಬ್ಬರೂ ಮಕ್ಕಳ ಹಾಗೆ ನೆಲದ ಮೇಲೆ ಟಕ್ ಟಕ್ ಅನ್ನಿಸಿಕೊಂಡು ಕೂತಿದ್ದರು.

ಅಷ್ಟು ಹೊತ್ತೂ ಇವರು ಒಂದು ಸಲವೂ ಕೆಮ್ಮಲಿಲ್ಲ.

"ರೀ, ಸಾಕು" ಅಂದಿದ್ದರೆ ಸಾಕಿತ್ತು. ಕನ್ನಡಕದ ಮೇಡಂ ಹೇಳಿದ ಮಾತು ನನಗೆ ನೆನಪಿತ್ತು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೇ ಇದ್ದೆ. ಚಹಾ ಉಕ್ಕಿ ಒಲೆ ಆರಿತು. ಹುಡುಗಿ ಹೋಗುವ ಮೊದಲು ಪುಸ್ತಕದಲ್ಲಿ ಏನೋ ಹೊಡೆದು ಹಾಕಿ ಹೊಸದಾಗಿ ಬರೆದುಕೊಂಡಳು.

ಮಾರ್ಚ್ 10, ಶುಕ್ರವಾರ

ಇವರು ಎರಡು ಸಲ ಬಡಿಸಿಕೊಂಡು ಉಂಡರು. ಸಂಜೆ ಹಜಾರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಚಾಪೆ ಒಗೆದು ಹಾಕಿದ್ದೇನೆ. ಒಣಗಿಲ್ಲ.

ಮಾರ್ಚ್ 28, ಮಂಗಳವಾರ

ಅರ್ಜಿ ತಿರಸ್ಕಾರವಾಗಿದೆ. ಮನೆಯ ಬೆಲೆ ಮಿತಿಗಿಂತ ಸ್ವಲ್ಪವೇ ಹೆಚ್ಚಾಯಿತಂತೆ. "ವಿಶೇಷ ಕಲ್ಲಿನ ನೆಲ" ಎಂದು ಬರೆದಿದ್ದಾರೆ. ಅದೊಂದು ಇಲ್ಲದಿದ್ದರೆ ಸಿಗುತ್ತಿತ್ತು.

ಮಗಳು ಬಂದು ಕೂಗಾಡಿದಳು. "ಅರ್ಧ ಗಂಟೆ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವೇನಪ್ಪಾ? ಹೊಗಳ್ಕೊಳ್ಳೋಕೆ ಆ ಹುಡುಗಿನೇ ಬೇಕಿತ್ತಾ?"

ಇವರು ಕಾಗದವನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

"ಅಮ್ಮಾ, ನೀನಾದ್ರೂ ತಡೀಬಾರದಿತ್ತಾ?"

"ನಾನು ಅಡುಗೆಮನೇಲಿದ್ದೆ. ಕೇಳಿಸ್ಲಿಲ್ಲ" ಅಂದೆ.

ಇವರು ನನ್ನ ಕಡೆ ನೋಡಿದರು. ಆಮೇಲೆ ನೋಡಲಿಲ್ಲ. ಸುಳ್ಳು ಹೇಳಿದೆ, ದೇವರಿಗೆ ಗೊತ್ತು. ಯಾಕೆ ಹೇಳಿದೆನೋ ನನಗೇ ಗೊತ್ತಿಲ್ಲ.

ಮಾರ್ಚ್ 30, ಗುರುವಾರ

ಮತ್ತೆ ಕಚೇರಿಗೆ ಹೋದೆ. ಕನ್ನಡಕದ ಮೇಡಂ ತಲೆಗೆ ಕೈ ಹಚ್ಚಿಕೊಂಡರು. "ಹೇಳಿರ್ಲಿಲ್ವೇನಮ್ಮಾ?" ಮೇಲ್ಮನವಿ ಒಂದೇ ದಾರಿ. ನೆಲ ಹಾಕಿದವರೇ ಸಾಹೇಬರ ಮುಂದೆ ಬಂದು, ಇದು ಬಿಸಾಡಿದ ಚೂರು, ಇದಕ್ಕೆ ಬೆಲೆ ಇಲ್ಲ ಅಂತ ಬಾಯಿಬಿಟ್ಟು ಹೇಳಿ ಸಹಿ ಹಾಕಬೇಕು. ಗಡುವು ಮುಂದಿನ ತಿಂಗಳ ನಡುವಿನ ತನಕ.

ಲಾಂಡ್ರಿಯಲ್ಲಿ ಬಟ್ಟೆಯನ್ನು ಎಷ್ಟು ಜೋರಾಗಿ ಝಾಡಿಸಿದೆನೆಂದರೆ ಗಡಿಯಾರದಮ್ಮನ ಕೈಯಿಂದ ಅಂಚು ಜಾರಿತು. "ಯಾರ ಮೇಲೆ ಸಿಟ್ಟೇ? ಬಟ್ಟೆ ಏನು ಮಾಡ್ತು ಪಾಪ?" ಅಂದಳು.

ಏಪ್ರಿಲ್ 2, ಭಾನುವಾರ

ಇವರಿಗೆ ಹೇಳಿದೆ.

"ನಾನು ಹೋಗಲ್ಲ."

"ಒಂದು ಮಾತು ರೀ. ಹೇಳಿ ಬಂದ್ರಾಯ್ತು."

"ನಿನ್ನ ದೇವರು ಸುಳ್ಳು ಹೇಳೋಕೆ ಒಪ್ತಾನಾ?"

"ಸುಳ್ಳೇನು ಬಂತು? ಅವರು ಬಿಸಾಡಿದ್ದು ತಾನೇ?"

"ಬಿಸಾಡಿದ್ದು ಹೌದು. ಬೆಲೆ ಇಲ್ಲದ್ದು ಅಲ್ಲ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು, "ಬೆಲೆ ಇಲ್ಲ ಅನ್ನೋದಾದ್ರೆ ನಾನು ಇಷ್ಟು ವರ್ಷ ಏನು ಮಾಡ್ದೆ?" ಅಂದರು.

ನನಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಕಿತ್ತು ಚೀಲಕ್ಕೆ ತುಂಬಿಕೊಳ್ಳಿ. ರಸ್ತೇಲಿ ಮಲಗುವಾಗ ತಲೆದಿಂಬಿಗೆ ಆಗುತ್ತೆ" ಅಂದುಬಿಟ್ಟೆ.

ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲಲಿಲ್ಲ. ದೇವರನ್ನು ಕೇಳಿದೆ, ಇದು ಸುಳ್ಳೋ ನಿಜವೋ ನೀನೇ ಹೇಳು ಅಂತ. ನಲ್ಲಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ.

ಏಪ್ರಿಲ್ 13, ಗುರುವಾರ

ಬೆಳಗ್ಗೆ ಎದ್ದು ನೋಡಿದರೆ ಇವರು ಮುಖ ಕ್ಷೌರ ಮಾಡಿಕೊಂಡು, ಮಗಳ ಮದುವೆಯಲ್ಲಿ ಹಾಕಿದ್ದ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತಿದ್ದರು. ಅಂಗಿಯೊಳಗೆ ಇನ್ನೊಬ್ಬರು ಹಿಡಿಯುವಷ್ಟು ಜಾಗವಿತ್ತು. "ನಡಿ" ಅಂದರು. ಇವತ್ತು ಗಡುವಿನ ಕೊನೆಯ ದಿನ. ನಾನು ಜ್ಞಾಪಿಸಿರಲಿಲ್ಲ.

ಕಚೇರಿಯ ಮೆಟ್ಟಿಲಲ್ಲಿ ಮೂರು ಕಡೆ ನಿಂತರು. ಸಾಹೇಬರು ಒಳ್ಳೆಯವರೇ, ಕೂರಲು ಹೇಳಿದರು. ಇವರು ಕೂರಲಿಲ್ಲ.

"ಕಸ ಸ್ವಾಮಿ ಅದು. ದುಡ್ಡಿರೋರು ಎಸೆದಿದ್ದನ್ನ ತಂದು ಅಂಟಿಸಿದೀನಿ. ಒಂದು ಚೂರಿಗೂ ಬೆಲೆ ಇಲ್ಲ."

"ಅವತ್ತು ಬೇರೆ ಥರ ಹೇಳಿದ್ರಂತೆ?"

"ಬಡಾಯಿ ಕೊಚ್ಚಿಕೊಂಡೆ. ಮನೇಲಿ ಬಿದ್ದಿರೋ ಮುದುಕ, ಕೇಳೋರು ಸಿಕ್ಕಿದ್ರು, ಬಾಯಿಗೆ ಬಂದಿದ್ದು ಹೇಳ್ದೆ. ಆ ಹುಡುಗಿ ನಂಬಿಬಿಟ್ಳು. ಅವಳದ್ದೇನೂ ತಪ್ಪಿಲ್ಲ, ಅವಳನ್ನ ಬೈಬೇಡಿ."

ಒಂದೊಂದೇ ಅಕ್ಷರವನ್ನು ಗೆರೆಯ ಮೇಲೆ ನೇರವಾಗಿ ಕೂರಿಸಿ ಸಹಿ ಹಾಕಿದರು. ನಾನು ನೋಡುತ್ತಿದ್ದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. "ಬಿಡು, ನಿನಗೆ ಮೊದಲಿಂದ ಗೊತ್ತಿದ್ದದ್ದನ್ನೇ ತಾನೇ ಹೇಳಿದ್ದು" ಅಂದರು. ಸಿಟ್ಟಿನಿಂದ ಅಲ್ಲ, ನನಗೆ ಸಮಾಧಾನ ಹೇಳುವ ಹಾಗೆ.

"ನಾನು ಯಾವತ್ತು ಹಾಗಂದಿದ್ದೆ?"

"ನೀನೆಲ್ಲಿ ಹೇಳ್ದೆ? ಚಾಪೆ ಹೇಳ್ತಿತ್ತು."

ಮೇ 2, ಮಂಗಳವಾರ

ಇವರು ಹಜಾರದಲ್ಲಿ ಈಗ ಗೋಡೆಯ ಪಕ್ಕದಿಂದಲೇ ಹೋಗುತ್ತಾರೆ. ನಡುವೆ ಕಾಲಿಡುವುದಿಲ್ಲ. ಗೋಡೆ ಹಿಡಿದುಕೊಳ್ಳಲಿಕ್ಕೆ ಇರಬೇಕು ಅಂದುಕೊಂಡಿದ್ದೆ.

ಒಣಗಿಸಿದ ಚಾಪೆ ತಿಂಗಳಿನಿಂದ ಬಾಗಿಲ ಹಿಂದೆ ನಿಂತಿತ್ತು. "ಹಾಕ್ಬಿಡು ಅದನ್ನ" ಅಂದರು. "ಹಾಕ್ತೀನಿ" ಅಂದೆ. ಲಾಂಡ್ರಿಗೆ ಹೊತ್ತುಕೊಂಡು ಹೋಗಿ ಗಡಿಯಾರದಮ್ಮನಿಗೆ ಕೊಟ್ಟೆ. ಅವಳ ನಾಯಿ ಮರಿ ಹಾಕಿದೆ.

ಮೇ 7, ಭಾನುವಾರ

ಕೆಮ್ಮಿನಲ್ಲಿ ರಕ್ತ. ಮಗಳು ಆಸ್ಪತ್ರೆಗೆ ಸೇರಿಸಿದಳು.

ಮೇ 11, ಗುರುವಾರ

ಮೂಗಿಗೆ ಕೊಳವೆ ಹಾಕಿದ್ದಾರೆ. ಡಾಕ್ಟರು ಮಗಳನ್ನು ಹೊರಗೆ ಕರೆದು ಮಾತಾಡಿದರು, ನನ್ನನ್ನು ಕರೆಯಲಿಲ್ಲ. ಕರೆಯದಿದ್ದರೂ ತಿಳಿಯುತ್ತದೆ.

ಮಗಳು ಊಟಕ್ಕೆ ಹೋದಾಗ ಇವರ ಪಕ್ಕ ಕೂತು ಹೇಳಿದೆ. "ಅವತ್ತು ನೀವು ಆ ಹುಡುಗಿಗೆ ಹೇಳಿದ್ದೆಲ್ಲ ನನಗೆ ಕೇಳಿಸ್ತಿತ್ತು. ತಡೀಬಹುದಿತ್ತು. ತಡೀಲಿಲ್ಲ."

ಕಣ್ಣು ಬಿಡದೆಯೇ, "ಗೊತ್ತು" ಅಂದರು. ಒಂದೊಂದೇ ಮಾತು, ನಡುವೆ ಉಸಿರು. "ಬಾಗಿಲ ಕೆಳಗೆ ನಿನ್ನ ಕಾಲು ಕಾಣ್ತಿತ್ತು. ಹಸಿರು ಕಲ್ಲಿನ ಮೇಲೆ."

"ಯಾಕೆ ಆವಾಗ್ಲೇ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಒಳಗೆ ಹೋಗ್ತಿದ್ದೆ."

ಆಮೇಲೆ ಬಹಳ ಹೊತ್ತು ಇವರ ಕೈ ಹಿಡಿದು ಕೂತಿದ್ದೆ. ಗೆಣ್ಣುಗಳ ಮೇಲೆ ಚರ್ಮ ಕಲ್ಲಿನಷ್ಟು ಗಟ್ಟಿ. ದೇವರೇ, ಉಸಿರಾಡುವುದು ಇಷ್ಟು ಕಷ್ಟ ಬೇಡ. ಅಷ್ಟೇ.

ಮೇ 19, ಶುಕ್ರವಾರ

ಬೆಳಗ್ಗೆ ಹೋದರು.

ಜೂನ್ 11, ಭಾನುವಾರ

ಬರೆಯಲು ಏನೂ ಇರಲಿಲ್ಲ. ಜನ ಬಂದರು, ಹೋದರು. ಮಗಳು ಕೆಲವು ದಿನ ಇದ್ದು ತನ್ನ ಮನೆಗೆ ಹೋದಳು. ಅವಳಿಗೂ ಸಂಸಾರ ಇದೆ. ಹೋಗುವಾಗ ಬಾಗಿಲಲ್ಲಿ ನಿಂತು, "ಅಮ್ಮಾ, ಅಪ್ಪನ್ನ ಹಾಗೆ ಬೈಬಾರದಿತ್ತು ನಾನು" ಅಂದು ಅತ್ತಳು. "ನಿಮ್ಮಪ್ಪ ಮನಸ್ಸಿಗೆ ಹಚ್ಕೊಂಡಿರ್ಲಿಲ್ಲ ಬಿಡೇ" ಅಂದೆ. ಮತ್ತೊಂದು ಸುಳ್ಳು. ಈ ವರ್ಷ ಬಹಳ ಆಗುತ್ತಿದೆ.

ಲಾಂಡ್ರಿಗೆ ಹೋಗುತ್ತಿದ್ದೇನೆ. ಗಡಿಯಾರದಮ್ಮ ಈಗ ಗಡಿಯಾರ ನೋಡುವುದಿಲ್ಲ, ನನ್ನ ಮುಖ ನೋಡುತ್ತಾಳೆ. ಅದು ಇನ್ನೂ ಕಷ್ಟ.

ಜೂನ್ 14, ಬುಧವಾರ

ಕೆಲಸದಲ್ಲಿದ್ದಾಗ ಕನ್ನಡಕದ ಮೇಡಂ ಫೋನ್ ಮಾಡಿದರು. "ಅಮ್ಮಾ, ಒಳ್ಳೇ ಸುದ್ದಿ. ಮೇಲ್ಮನವಿ ಒಪ್ಪಿದಾರೆ. ಬಾಕಿ ಪೂರ್ತಿ ಸರ್ಕಾರ ಕಟ್ಟುತ್ತೆ, ಮುಂದಿನ ಕಂತಲ್ಲೂ ಅರ್ಧ. ಕೊನೇ ಸಲ ಒಮ್ಮೆ ಬಂದು ನೋಡ್ಕೊಂಡು ಹೋಗ್ತಾರೆ, ಅಷ್ಟೇ."

"ಇವರಿಗೆ ಹೇಳ್ತೀನಿ ಮೇಡಂ" ಅಂದೆ.

ಅಂದ ಮೇಲೆ ನೆನಪಾಯಿತು. ಆಮೇಲೆ ಅವರಿಗೆ ವಿಷಯ ತಿಳಿಸಿದೆ. ಅರ್ಜಿಯನ್ನು ನನ್ನ ಹೆಸರಿಗೆ ಮಾಡಿಕೊಡುತ್ತೇನೆ, ಓಡಾಡಬೇಡಿ ಅಂದರು.

ಮನೆ ಉಳಿಯಿತು. ಬರೆದು ನೋಡಿದೆ, ಹೇಗೆ ಕಾಣುತ್ತದೆ ಅಂತ.

ಜೂನ್ 20, ಮಂಗಳವಾರ

ಅದೇ ಹುಡುಗಿ ಬಂದಿದ್ದಳು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟಳು. ಕೋಣೆಯ ಕಡೆ ನೋಡಿ, "ಅವರು ಮಲಗಿದಾರಾ?" ಅಂದಳು. ಹೇಳಿದೆ. ಕುರ್ಚಿಯಲ್ಲಿ ಕೂತು ಸುಮ್ಮನೆ ಅತ್ತಳು. ಅವಳಿಗೆ ನಾನೇ ನೀರು ಕೊಟ್ಟು, ಅವಳ ಕೆಲಸ ಜ್ಞಾಪಿಸಬೇಕಾಯಿತು.

"ಅಮ್ಮಾ, ನೆಲ ಸಾಧಾರಣ, ಬೆಲೆ ಇಲ್ಲ ಅಂತ ಬರೀಬೇಕು. ನೀವು ಹೂಂ ಅಂದ್ರೆ ಸಾಕು, ಮುಗೀತು."

ಬೆಳಕು ಆಗ ಬಾಗಿಲಿಂದ ನೇರವಾಗಿ ಒಳಗೆ ಬರುತ್ತಿತ್ತು. ಕರಿಯ ನಕ್ಷತ್ರ, ಮೋಡದ ಕಲ್ಲು, ಅದರ ಸಂದುಗಳು ಎಲ್ಲ ಕಾಣುತ್ತಿದ್ದವು. ಅವಳು ತಲೆ ಎತ್ತದೆ ಪೆನ್ನು ಹಿಡಿದು ಕಾದಳು. ಇವರು ಮೂರು ಕಡೆ ನಿಂತು ಮೆಟ್ಟಿಲು ಹತ್ತಿ ಹೇಳಿ ಬಂದ ಮಾತು. ನಾನು ಇಲ್ಲ ಅಂದರೆ ಅದು ಸುಮ್ಮನೆ ಹೋಗುತ್ತದೆ.

ಹೂಂ ಅಂದೆ.

ದೇವರೇ, ನೀನು ಕೇಳಿಸಿಕೊಂಡೆ. ಇವರು ಸಾಹೇಬರ ಮುಂದೆ ಅಂದದ್ದನ್ನೂ ನೀನೇ ಕೇಳಿಸಿಕೊಂಡಿದ್ದೆ. ಎರಡನ್ನೂ ಒಂದೇ ಕಡೆ ಬರೆದುಕೋ.

ಹೊರಡುವಾಗ ಹುಡುಗಿ ನಕ್ಷತ್ರವನ್ನು ತುಳಿಯದೆ ಗೋಡೆಯ ಪಕ್ಕದಿಂದ ಹೋಗುತ್ತಿದ್ದಳು. "ನಡಿಯಮ್ಮಾ, ನಡೆಯೋಕೆ ತಾನೇ ಹಾಕಿದ್ದು" ಅಂದೆ. ಯಾಕೋ ಅವಳು ಅಲ್ಲೇ ನಿಂತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ನಡುವೆ ಕಾಲಿಟ್ಟು ಹೋದಳು.

ಸಂಜೆ ನೆಲ ಒರೆಸಿದೆ. ಕೈ ಸುಮ್ಮನಿರಲಿಲ್ಲ, ಒರೆಸುತ್ತ ಒರೆಸುತ್ತ ಗೆಣ್ಣಿನಿಂದ ಒಂದೊಂದನ್ನೇ ಬಡಿದು ನೋಡಿದೆ. ಎಲ್ಲ ಗಟ್ಟಿಯಾಗಿವೆ. ಅಡುಗೆಮನೆಯ ಬಾಗಿಲಲ್ಲಿರುವ ಹಸಿರು ಕಲ್ಲು ಮಾತ್ರ ಟೊಳ್ಳು ಸದ್ದು ಮಾಡಿತು. ಮತ್ತೆ ಬಡಿದೆ. ಹೌದು, ಟೊಳ್ಳು. ಈಗಲೇ ಎತ್ತಿ ಸಿಮೆಂಟು ಹಾಕಿ ಕೂರಿಸದಿದ್ದರೆ ಒಡೆದುಹೋಗುತ್ತದೆ.

ಯಾರನ್ನು ಕರೆಯಲಿ?